ಊರಿನ ವೆಬ್‌ಸೈಟ್ ಪರದೇಶದಲ್ಲಿ ತೆರೆಯದಿದ್ದರೆ

ಪ್ರಶ್ನೆ: ಶಿರಸಿ ಹತ್ತಿರದ ನಮ್ಮ ತೋಟದ ಪಹಣಿ ನೋಡೋಣವೆಂದರೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ವೆಬ್‌ಸೈಟ್ ಗಿರಗಿರ ತಿರುಗಿ ನಿಂತುಬಿಡುತ್ತದೆ. ದುಡ್ಡು ಕೊಟ್ಟು ವಿಪಿಎನ್ (ಬೇರೆ ದೇಶದ ಸರ್ವರ್ ಮೂಲಕ ಇಂಟರ್‌ನೆಟ್ ಬಳಸುವ ಸೌಲಭ್ಯ) ತೆಗೆದುಕೊಂಡು ‘ಇಂಡಿಯಾ’ ಆರಿಸಿದರೂ ಅದೇ ಕತೆ. ಲ್ಯಾಪ್‌ಟಾಪಿನ ದೋಷವೇ?

ಉತ್ತರ: ಮೊದಲು ಮನೆಗೊಂದು ಫೋನ್ ಮಾಡಿ. ಅಪ್ಪಯ್ಯನೋ ತಂಗಿಯೋ ಅದೇ ಹೊತ್ತಿಗೆ ಅದೇ ಪುಟ ತೆರೆದು ನೋಡಲಿ. ಅಲ್ಲೂ ತೆರೆಯದಿದ್ದರೆ ಸರ್ವರೇ ಮಲಗಿದೆ, ಕಾಯಬೇಕು. ನಿಮ್ಮ ಮಧ್ಯಾಹ್ನ ಎರಡು ಗಂಟೆ ಎಂದರೆ ಊರಿನ ಬೆಳಗಿನ ಜಾವ ಎರಡೂವರೆ, ಚಳಿಗಾಲದಲ್ಲಿ ಮೂರೂವರೆ. ಸರ್ವರುಗಳ ರಿಪೇರಿ ಕೆಲಸ ಹೆಚ್ಚಾಗಿ ನಡೆಯುವುದೂ ಆಗಲೇ.

ಊರಲ್ಲಿ ತೆರೆದು ನಿಮ್ಮಲ್ಲಿ ತೆರೆಯದಿದ್ದರೆ ಪರದೆ ಮೇಲಿನ ಮಾತನ್ನು ಸರಿಯಾಗಿ ಓದಿ. ಬಹಳ ಹೊತ್ತು ತಿರುಗಿ ‘ಟೈಮ್ಡ್ ಔಟ್’ ಎಂದರೆ ಹೊರದೇಶದ ಐಪಿ ವಿಳಾಸದಿಂದ (ಇಂಟರ್‌ನೆಟ್ಟಿನಲ್ಲಿ ನಿಮ್ಮ ಕನೆಕ್ಷನ್ನಿನ ಅಂಕಿ-ಗುರುತು) ಬಂದ ಕೋರಿಕೆಯನ್ನು ಆ ಕಡೆಯ ಫೈರ್‌ವಾಲ್ ಎಂಬ ಕಾವಲುಗಾರ ಉತ್ತರವನ್ನೇ ಕೊಡದೆ ಎಸೆಯುತ್ತಿರಬಹುದು. ಬಾಗಿಲು ಬಡಿದರೂ ಒಳಗಿನವರು ‘ಯಾರು?’ ಎಂದೂ ಕೇಳುವುದಿಲ್ಲ, ಅದಕ್ಕೇ ಗಿರಗಿರ. ‘403 ಫರ್ಬಿಡನ್’ ಎಂದು ಥಟ್ಟನೆ ಬಂದರೆ ಬಾಗಿಲು ತೆರೆದು ‘ಹೋಗಿ’ ಎಂದಂತೆ. ‘ಸರ್ವರ್ ಸಿಗಲಿಲ್ಲ’ ಎಂದರೆ ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ಹಂತದಲ್ಲೇ ತಡೆ. ಆಗ ಡಿಎನ್‌ಎಸ್ ಅನ್ನು 8.8.8.8 ಅಥವಾ 1.1.1.1ಕ್ಕೆ ಬದಲಿಸಿ ನೋಡಬಹುದು. ಮೊದಲಿನ ಎರಡಕ್ಕೆ ಆ ಮದ್ದು ನಾಟುವುದಿಲ್ಲ.

ವಿಪಿಎನ್ ಏಕೆ ಕೈಕೊಟ್ಟಿತು? ಬಳಕೆದಾರರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಆದೇಶಿಸಿದ ಮೇಲೆ ಹೆಸರುವಾಸಿ ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ಸರ್ವರುಗಳನ್ನು ಕಿತ್ತವು. ಈಗ ‘ಇಂಡಿಯಾ’ ಎಂದು ತೋರಿಸುವುದು ಎಷ್ಟೋ ಕಡೆ ಸಿಂಗಾಪುರದಲ್ಲೋ ಲಂಡನ್ನಿನಲ್ಲೋ ಕುಳಿತ ಸರ್ವರಿಗೆ ಅಂಟಿಸಿದ ಚೀಟಿ. ಚೀಟಿ ನಿಜವಾದರೂ ಅದು ಡೇಟಾ ಸೆಂಟರಿನ ವಿಳಾಸ. ಮನೆಯ ಫೈಬರ್ ಲೈನಿನ ವಿಳಾಸಕ್ಕೂ ಅದಕ್ಕೂ ಇರುವ ವ್ಯತ್ಯಾಸ ಫೈರ್‌ವಾಲಿಗೆ ಗೊತ್ತಾಗುತ್ತದೆ.

ಹಾಗಾಗಿ ನಮ್ಮ ಸಲಹೆ: ಊರಿನ ಮನೆಯ ಲೈನನ್ನೇ ಬಳಸಿ. ಟೇಲ್‌ಸ್ಕೇಲ್ ಎಂಬ ತಂತ್ರಾಂಶದಲ್ಲಿ ‘ಎಕ್ಸಿಟ್ ನೋಡ್’ ಎಂಬ ಸೌಲಭ್ಯವಿದೆ: ನಿಮ್ಮ ಲ್ಯಾಪ್‌ಟಾಪಿನ ಕೋರಿಕೆ ಊರಿನ ಮನೆಯ ಸಾಧನದ ಮೂಲಕ ಹೊರಗೆ ಹೋಗುತ್ತದೆ. ಮನೆಯ ರೂಟರ್ ಪಕ್ಕ ಒಂದು ಸಾಧನ ಸದಾ ಚಾಲೂ ಇರಬೇಕು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಆದೀತು, ಆಂಡ್ರಾಯ್ಡ್ ಟಿವಿ ಬಾಕ್ಸ್ ಆದೀತು. ಹಳೆಯ ಮೊಬೈಲಿನಲ್ಲೂ ನಡೆಯುತ್ತದೆ, ಆದರೆ ವರ್ಷಗಟ್ಟಲೆ ಚಾರ್ಜಿಗಿಟ್ಟ ಬ್ಯಾಟರಿ ಉಬ್ಬಬಹುದು. ವಯಸ್ಸಾದವರಿರುವ ಮನೆಯಲ್ಲಿ ಅದು ಬೇಡ. ಆ ಸಾಧನದಲ್ಲೂ ನಿಮ್ಮ ಲ್ಯಾಪ್‌ಟಾಪಿನಲ್ಲೂ ಒಂದೇ ಖಾತೆಯಿಂದ ಲಾಗಿನ್ ಆಗಿ. ಮನೆಯ ಸಾಧನವನ್ನು ಎಕ್ಸಿಟ್ ನೋಡ್ ಎಂದು ಘೋಷಿಸಿ, ಆಮೇಲೆ ವೆಬ್‌ನ ಅಡ್ಮಿನ್ ಪುಟಕ್ಕೆ ಹೋಗಿ ಅದಕ್ಕೆ ಒಪ್ಪಿಗೆ ಕೊಡಿ. ಈ ಒಪ್ಪಿಗೆ ಕೊಡಲು ಮರೆತು ‘ಆಗ್ತಾ ಇಲ್ಲ’ ಎನ್ನುವವರೇ ಹೆಚ್ಚು. ರಾಸ್ಪ್‌ಬೆರಿ ಪೈ ಆದರೆ ಐಪಿ ಫಾರ್ವರ್ಡಿಂಗ್ (ಬೇರೆ ಸಾಧನದ ಡೇಟಾವನ್ನು ಮುಂದಕ್ಕೆ ಸಾಗಿಸುವ ಸೆಟ್ಟಿಂಗ್) ಕೂಡ ಆನ್ ಮಾಡಬೇಕು. ಅಡ್ಮಿನ್ ಪುಟದಲ್ಲೇ ಆ ಸಾಧನದ ‘ಕೀ ಎಕ್ಸ್‌ಪೈರಿ’ ತೆಗೆದುಹಾಕಿ. ಇಲ್ಲದಿದ್ದರೆ 180 ದಿನಕ್ಕೆ ಅದು ತಾನಾಗಿ ಲಾಗ್‌ಔಟ್ ಆಗುತ್ತದೆ, ಮತ್ತೆ ಲಾಗಿನ್ ಮಾಡಿಸಲು ಅಪ್ಪಯ್ಯನಿಗೆ ಫೋನಿನಲ್ಲಿ ಪಾಠ ಹೇಳಬೇಕಾಗುತ್ತದೆ. ಇದಕ್ಕೆ ಮನೆಯ ಕನೆಕ್ಷನ್ನಿಗೆ ಸ್ವಂತ ಪಬ್ಲಿಕ್ ಐಪಿ ಬೇಕಿಲ್ಲ, ರೂಟರಿನಲ್ಲಿ ಪೋರ್ಟ್ ತೆರೆಯುವುದೂ ಬೇಡ.

ಮಳೆಗಾಲದಲ್ಲಿ ಶಿರಸಿ ಕಡೆ ಕರೆಂಟಿನ ಭರವಸೆ ನಿಮಗೇ ಗೊತ್ತು. ರೂಟರಿಗೆ ಸಣ್ಣ ಡಿಸಿ ಯುಪಿಎಸ್ ಹಾಕಿಸಿ. ಕೊಳ್ಳುವ ಮೊದಲು ರೂಟರ್ ಅಡಾಪ್ಟರಿನ ಮೇಲಿನ ವೋಲ್ಟ್, ಆಂಪಿಯರ್ ಓದಿಸಿಕೊಳ್ಳಿ: 12 ವೋಲ್ಟ್ 2 ಆಂಪಿಯರ್ ಬೇಕಾದ ರೂಟರಿಗೆ 1 ಆಂಪಿಯರಿನದ್ದು ತಂದರೆ ಕರೆಂಟ್ ಹೋದ ಕ್ಷಣವೇ ರೂಟರ್ ರೀಸ್ಟಾರ್ಟ್ ಆಗುತ್ತದೆ. ಫೈಬರ್ ಬರುವ ಪೆಟ್ಟಿಗೆ ಬೇರೆ, ವೈಫೈ ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು. ಎಕ್ಸಿಟ್ ನೋಡ್ ಸಾಧನಕ್ಕೂ ಬೇಕು, ಅದನ್ನು ಮರೆಯಬೇಡಿ.

ಈ ದಾರಿಯಲ್ಲಿ ನೀವು ಮಾಡಿದ್ದೆಲ್ಲ ಮನೆಯವರ ಹೆಸರಿನ ಕನೆಕ್ಷನ್ನಿನ ಲೆಕ್ಕಕ್ಕೆ ಬರುತ್ತದೆ, ಖಾತೆಯನ್ನು ಯಾರಿಗೂ ಹಂಚಬೇಡಿ. ಮತ್ತೆ, ವರ್ಷಕ್ಕೆರಡು ಸಲ ಪಹಣಿ ಬೇಕು ಅನ್ನುವಷ್ಟಕ್ಕೆ ಇಷ್ಟೆಲ್ಲ ಮಾಡುವುದು ಇಲಿ ಹಿಡಿಯಲು ಗುಡ್ಡ ಅಗೆದಂತೆ. ಗ್ರಾಮ ಒನ್ ಕೇಂದ್ರದಲ್ಲಿ ತೆಗೆಸಿ ವಾಟ್ಸ್‌ಆ್ಯಪ್‌ಗೆ ಕಳಿಸಿ ಎಂದರೆ ಮುಗಿಯಿತು. ಹೆಸ್ಕಾಂ ಬಿಲ್ಲನ್ನು ಬ್ಯಾಂಕ್ ಆ್ಯಪಿನ ಬಿಲ್ ಪಾವತಿ ವಿಭಾಗದಿಂದಲೇ ಕಟ್ಟಬಹುದು, ಅವರ ವೆಬ್‌ಸೈಟಿಗೆ ಹೋಗಲೇಬೇಕೆಂದಿಲ್ಲ.

ಪ್ರಶ್ನೆ: ನಾನು ಭಟ್ಕಳದವನು, ದುಬೈನಲ್ಲಿದ್ದೇನೆ. ಹೊಸ ಫೋನ್ ತೆಗೆದುಕೊಂಡೆ, ಬ್ಯಾಂಕ್ ಆ್ಯಪ್ ಈಗ ಸಿಮ್‌ನಿಂದ ಎಸ್‌ಎಂಎಸ್ ಕಳಿಸು ಎನ್ನುತ್ತದೆ. ಸಿಮ್ ಊರಲ್ಲಿ ಅಮ್ಮನ ಬಳಿ ಇದೆ, ಓಟಿಪಿ ಅವರೇ ಓದಿ ಹೇಳುತ್ತಾರೆ. ವಿಪಿಎನ್ ಹಾಕಿದರೆ ಆದೀತೇ?

ಉತ್ತರ: ಆಗದು. ನಿಮ್ಮದು ವಿಳಾಸದ ತೊಡಕಲ್ಲ, ಸಿಮ್ಮಿನದು. ಖಾತೆ, ಸಿಮ್, ಫೋನ್ ಮೂರನ್ನೂ ಒಂದಕ್ಕೊಂದು ಕಟ್ಟಿಹಾಕಲು ಆ್ಯಪ್ ಆ ಎಸ್‌ಎಂಎಸ್ ಕೇಳುತ್ತದೆ. ಸಿಮ್ ಅದೇ ಫೋನಿನಲ್ಲಿ ಇರಲೇಬೇಕು. ಊರಿಂದ ಬರುವವರ ಕೈಲಿ ತರಿಸಿ, ಆದರೆ ಅವರು ಹೊರಡುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ. ಸಿಮ್ ದುಬೈಗೆ ಬಂದ ಮೇಲೆ ಅದನ್ನು ಮಾಡಿಸಲು ಮತ್ತೆ ಅದೇ ಸಿಮ್ಮಿಗೆ ಓಟಿಪಿ ಬರಬೇಕು! ಎರಡನೇ ಸಿಮ್ ಆಗಿ ಹಾಕಿ, ಡೇಟಾ ರೋಮಿಂಗ್ ಬಂದ್ ಮಾಡಿ. ರೋಮಿಂಗಿನಲ್ಲಿ ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ, ಹೋಗುವ ಎಸ್‌ಎಂಎಸ್‌ಗೆ ಇದೆ. ಆದ್ದರಿಂದ ಆ್ಯಪ್ ನೋಂದಣಿಯ ದಿನ ರೋಮಿಂಗ್ ಪ್ಯಾಕ್ ಬೇಕು. ಎಸ್‌ಎಂಎಸ್‌ನ ಡೀಫಾಲ್ಟ್ ಸಿಮ್ ಭಾರತದ್ದೇ ಎಂದು ನೋಡಿಕೊಳ್ಳಿ. ಎಷ್ಟೋ ಫೋನುಗಳು ದುಬೈ ಸಿಮ್ಮಿನಿಂದ ಕಳಿಸಿ ‘ನಂಬರ್ ಹೊಂದಲಿಲ್ಲ’ ಎನ್ನುತ್ತವೆ. ಹೊಸದು ನಡೆಯುವ ತನಕ ಹಳೆಯ ಫೋನಿನ ಆ್ಯಪ್ ಅಳಿಸಬೇಡಿ.

ಪ್ರೀಪೇಯ್ಡ್ ಸಿಮ್ 90 ದಿನ ಬಳಕೆಯಾಗದಿದ್ದರೆ ಕಂಪನಿ ಅದನ್ನು ಮುಚ್ಚಬಹುದು. 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಮುರಿದುಕೊಂಡು 30 ದಿನ ಮುಂದುವರಿಸುತ್ತಾರೆ. ಓಟಿಪಿ ಬರುತ್ತಲೇ ಇದೆಯಲ್ಲ ಎಂದು ಸುಮ್ಮನಿರಬೇಡಿ. ದೂರಸಂಪರ್ಕ ನಿಯಂತ್ರಕ ಟ್ರಾಯ್ ಲೆಕ್ಕದಲ್ಲಿ ಒಳಬರುವ ಎಸ್‌ಎಂಎಸ್ ‘ಬಳಕೆ’ ಅಲ್ಲ, ಒಂದು ಕರೆ ಮಾಡಿದರೆ ಅಥವಾ ಬಂದರೆ ಬಳಕೆ. ಮುಚ್ಚಿದ ನಂಬರ್ ಮುಂದೆ ಬೇರೆಯವರಿಗೆ ಹೋಗುತ್ತದೆ, ನಿಮ್ಮ ಓಟಿಪಿಯೂ ಜತೆಗೆ.

ಕಾಯಂ ಪರಿಹಾರ ಬೇರೆ. ಉದ್ಯೋಗಕ್ಕೆ ಹೊರದೇಶಕ್ಕೆ ಹೋದ ಮೇಲೆ ಮಾಮೂಲು ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿ ಭಾರತೀಯರ ಖಾತೆ) ಮಾಡಿಸಲೇಬೇಕು, ಅದು ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾ ನಿಯಮ. ಅದಾದ ಮೇಲೆ ದುಬೈ ನಂಬರನ್ನೇ ಬ್ಯಾಂಕಿಗೆ ಕೊಡಬಹುದು. ಎನ್‌ಆರ್‌ಇ (ವಿದೇಶದ ಗಳಿಕೆ ಇಡುವ ಅನಿವಾಸಿ ಖಾತೆ), ಎನ್‌ಆರ್‌ಒ ಖಾತೆಗೆ ವಿದೇಶಿ ನಂಬರಿನಿಂದ ಯುಪಿಐ ನಡೆಸಲು 2023ರ ಜನವರಿಯಲ್ಲಿ 10 ದೇಶಗಳಿಗೆ ಅವಕಾಶ ಕೊಟ್ಟಾಗ ಯುಎಇ ಆ ಪಟ್ಟಿಯಲ್ಲೇ ಇತ್ತು. ನಿಮ್ಮ ಬ್ಯಾಂಕ್ ಕೊಡುತ್ತದೆಯೇ ಎಂದು ಶಾಖೆಯಲ್ಲಿ ಕೇಳಿ.

ಅಮ್ಮನ ಕೈಲಿ ಓಟಿಪಿ ಓದಿಸುವ ರೂಢಿ ಮಾತ್ರ ಇಂದೇ ನಿಲ್ಲಿಸಿ. ‘ಮಗನ ಬ್ಯಾಂಕಿನಿಂದ’ ಎಂದು ಯಾರೋ ಫೋನ್ ಮಾಡಿದರೂ ಅವರು ಅಷ್ಟೇ ಪ್ರೀತಿಯಿಂದ ಓದಿಬಿಡುತ್ತಾರೆ.

ಇನ್ನು ವಿಪಿಎನ್: ಯುಎಇಯಲ್ಲಿ ವಿಪಿಎನ್ ಇಟ್ಟುಕೊಂಡದ್ದಕ್ಕೇ ಶಿಕ್ಷೆಯಿಲ್ಲ. ಆದರೆ 2021ರ 34ನೇ ಕಾನೂನಿನ 10ನೇ ವಿಧಿಯಂತೆ ಐಪಿ ವಿಳಾಸ ಮರೆಮಾಚಿ ಅಪರಾಧ ಮಾಡಿದರೆ ಅಥವಾ ಅದನ್ನು ಮುಚ್ಚಿಟ್ಟರೆ ದಂಡ 5 ಲಕ್ಷದಿಂದ 20 ಲಕ್ಷ ದಿರ್ಹಮ್. ಬ್ಯಾಂಕಿಂಗಿಗಂತೂ ವಿಪಿಎನ್ ಬೇಡವೇ ಬೇಡ: ನಿಮಿಷದಲ್ಲಿ ದೇಶ ಬದಲಾದದ್ದು ಕಂಡರೆ ಬ್ಯಾಂಕೇ ಖಾತೆಗೆ ಬೀಗ ಹಾಕಬಹುದು.

ಪ್ರಶ್ನೆ: ಕುಮಟಾದಿಂದ ಬಂದು ಕತಾರಿನಲ್ಲಿದ್ದೇನೆ. ತೆರಿಗೆ ರಿಟರ್ನ್ಸ್ ಸಲ್ಲಿಸಿದೆ, ಆಧಾರ್ ಓಟಿಪಿ ಬರುತ್ತಿಲ್ಲ.

ಉತ್ತರ: ನೆಟ್‌ಬ್ಯಾಂಕಿಂಗ್ ಮೂಲಕ ಪೋರ್ಟಲಿಗೆ ಲಾಗಿನ್ ಆಗಿ ಇ-ವೆರಿಫೈ ಮಾಡಿ. ಅದೂ ಆಗದಿದ್ದರೆ ಐಟಿಆರ್-ವಿ (ರಿಟರ್ನ್ಸ್ ದೃಢೀಕರಣ ಪತ್ರ) ಮುದ್ರಿಸಿ, ಸಹಿ ಹಾಕಿ ಬೆಂಗಳೂರಿನ ಸಿಪಿಸಿಗೆ (ತೆರಿಗೆ ಇಲಾಖೆಯ ಸಂಸ್ಕರಣಾ ಕೇಂದ್ರ) ಕಳಿಸಿ, ಪಿನ್ 560500. ಎಲ್ಲಕ್ಕೂ ಗಡುವು ಸಲ್ಲಿಸಿದ ದಿನದಿಂದ 30 ದಿನ.

ಪ್ರಶ್ನೆ: ಕಾರವಾರದವನು, ಮರ್ಚೆಂಟ್ ನೇವಿ. ಹಡಗಿನಲ್ಲಿ ಗೂಗಲ್ ಖಾತೆ ಸಿಕ್ಕಿಹಾಕಿಕೊಳ್ಳುತ್ತದೆ. ಅಥೆಂಟಿಕೇಟರ್ ಆ್ಯಪಿನ ಕೋಡ್ ಕೂಡ ಒಮ್ಮೊಮ್ಮೆ ತಪ್ಪು ಎನ್ನುತ್ತದೆ.

ಉತ್ತರ: ಉಪಗ್ರಹದ ಇಂಟರ್‌ನೆಟ್‌ನಲ್ಲಿ ನಿಮ್ಮ ಐಪಿ ವಿಳಾಸ ಹಡಗಿರುವ ಜಾಗದ್ದಲ್ಲ, ಉಪಗ್ರಹದ ಸಂಪರ್ಕ ಬಂದಿಳಿಯುವ ನೆಲದ ಮೇಲಿನ ಗೇಟ್‌ವೇ ಇರುವ ದೇಶದ್ದು. ಗೂಗಲ್ಲಿಗೆ ಅನುಮಾನ ಬರುವುದು ಅಲ್ಲಿಂದ. ನಡುಗಡಲಲ್ಲಿ ಸಿಮ್ಮಿಗೆ ಸಿಗ್ನಲ್ ಇಲ್ಲ, ಎಸ್‌ಎಂಎಸ್ ನಂಬುವಂತಿಲ್ಲ. ಹೊರಡುವ ಮೊದಲು ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಿಂದ ಬ್ಯಾಕಪ್ ಕೋಡ್ ತೆಗೆಯಿರಿ: 8 ಅಂಕಿಯ 10 ಕೋಡ್, ಒಂದೊಂದೂ ಒಂದೇ ಸಲಕ್ಕೆ. ಕಾಗದದಲ್ಲಿ ಬರೆದು ಸಿಡಿಸಿ ಪುಸ್ತಕದ (ನಾವಿಕರ ಸೇವಾ ದಾಖಲೆ) ಜತೆ ಇಡಿ, ಫೋನಿನಲ್ಲಲ್ಲ.

ಅಥೆಂಟಿಕೇಟರ್ ಕೋಡಿಗೆ ನೆಟ್ ಬೇಡ, ಆದರೆ ಗಡಿಯಾರ ಸರಿಯಿರಬೇಕು. ಅದು 30 ಸೆಕೆಂಡಿಗೊಮ್ಮೆ ಸಮಯದಿಂದಲೇ ಲೆಕ್ಕ ಹಾಕಿ ಹುಟ್ಟುವ ಅಂಕಿ. ಹಡಗಿನ ಸಮಯ ಒಂದು ಗಂಟೆ ಹಿಂದೆ ಮುಂದೆ ಹೋದಾಗ ನೀವು ಫೋನಿನ ಮುಳ್ಳನ್ನೇ ತಿರುಗಿಸುತ್ತಿದ್ದೀರಿ ಎಂದು ಕಾಣುತ್ತದೆ: 9 ಇದ್ದದ್ದನ್ನು 8 ಮಾಡಿದರೆ ಫೋನಿನ ಲೆಕ್ಕದಲ್ಲಿ ಒಂದು ಗಂಟೆ ಕಳೆದುಹೋಯಿತು, ಕೋಡ್ ಹಳಸಿತು. ಸಮಯ ಬದಲಿಸಬೇಡಿ, ಟೈಮ್ ಝೋನ್ ಬದಲಿಸಿ. ಆಗ ಪರದೆಯಲ್ಲಿ 8 ಎಂದೇ ಕಾಣುತ್ತದೆ, ಒಳಗಿನ ಲೆಕ್ಕ ಕದಲುವುದಿಲ್ಲ.