ಸ್ವಂತ ಕೆಲಸ ತೋರಿಸಬಹುದಾ?

ಪ್ರಶ್ನೆ: ಕೋಲಾರದಲ್ಲಿ ಗ್ರಾಫಿಕ್ ಡಿಸೈನರ್ ಆಗಿದ್ದೇನೆ. ಗಿರಾಕಿಗಳಿಗೆ ಲಗ್ನಪತ್ರಿಕೆ, ಮಾವಿನ ಬಾಕ್ಸ್ ಡಿಸೈನ್ ಮಾಡುತ್ತೇನೆ. ನನ್ನ ಖುಷಿಗೆ ಹಳೆಯ ಅಂಗಡಿ ಬೋರ್ಡುಗಳ ಅಕ್ಷರ ನೋಡಿ ಬರೆಯುತ್ತೇನೆ. ಕೆಲಸ ಕೇಳಲು ಹೋದಾಗ ಯಾವುದನ್ನು ತೋರಿಸಲಿ?

ಉತ್ತರ: ಎರಡನ್ನೂ ತೋರಿಸಿ, ಅಕ್ಷರಗಳನ್ನು ಮೊದಲು. ನಾನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೆಳೆದವನು. ಯಾರ ಡಿಸೈನ್ ಬಂದರೂ ಮೊದಲು ಒತ್ತಕ್ಷರ ನೋಡುತ್ತೇನೆ. ಇಂಗ್ಲಿಷಿಗೆ ಬಿಡುವಷ್ಟೇ ಜಾಗವನ್ನು ಕನ್ನಡದ ಸಾಲುಗಳ ನಡುವೆ ಬಿಟ್ಟರೆ, ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕೈಯಲ್ಲಿ ಬರೆದವರಿಗೆ ಇದು ಗೊತ್ತಿರುತ್ತದೆ ಅಲ್ವಾ? ನಿಮ್ಮ ಮಾವಿನ ಬಾಕ್ಸಿನಲ್ಲೂ ಆ ಕಾಳಜಿ ಕಾಣಲಿ. ಗಿರಾಕಿಯ ಕೆಲಸ ತೋರಿಸುವ ಮುಂಚೆ ಅವರನ್ನು ಒಂದು ಮಾತು ಕೇಳಿ. ಲಗ್ನಪತ್ರಿಕೆಯಲ್ಲಿ ಹೆಸರು, ಫೋನ್ ನಂಬರ್ ತೆಗೆಯಿರಿ. ಬೋರ್ಡು ಬಂಗಾರಪೇಟೆಯದೋ, ಮುಳಬಾಗಿಲಿನದೋ, ಪಕ್ಕದಲ್ಲೇ ಬರೆದಿಡಿ.