ಮಂಗಗಳನ್ನು ಹಿಡಿದು ಬೇರೆ ಕಡೆ ಸಾಗಿಸಿದರೆ ಮಂಗನ ಕಾಯಿಲೆ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ನಿಮ್ಮ ಈ ಪ್ರಶ್ನೆ ನಮ್ಮೂರ ಸೊಸೈಟಿ ಜಗಲಿಯಲ್ಲೂ ವರ್ಷಕ್ಕೊಮ್ಮೆ ಏಳುತ್ತದೆ. ಕೇಳುವವರ ಸಿಟ್ಟು ಅರ್ಧ ಕಾಯಿಲೆಯ ಮೇಲೆ, ಇನ್ನರ್ಧ ಮಂಗ ತಿಂದುಹೋದ ಬಾಳೆಗೊನೆಯ ಮೇಲೆ ಅನ್ನಿ. ನಾನು ಸಾಗರ ತಾಲ್ಲೂಕಿನವನು. ಓದಿದ್ದು ಮೈಕ್ರೋಬಯಾಲಜಿ, ನೋಡಿಕೊಳ್ಳುತ್ತಿರುವುದು ಅಡಿಕೆ ತೋಟ.

ಹೆಸರೇ ದಾರಿ ತಪ್ಪಿಸುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಜನಕ್ಕೂ ಜ್ವರ. ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಬಂತೇನೋ ಎಂಬ ಭಯ ಮೊದಲು ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ, ಅದು ಅಲ್ಲಿಯವರೆಗೆ ಯಾರೂ ಕಾಣದ ವೈರಸ್. ಅದನ್ನು ಹರಡುತ್ತಿದ್ದದ್ದು ಉಣುಗು, ಪ್ರಾಣಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳು.

ಈ ಉಣುಗಿನ ಸಂಸಾರ ತಿಳಿದರೆ ಉತ್ತರ ಸಿಕ್ಕಂತೆ. ಮಳೆ ಹಿಂದಾದ ಮೇಲೆ ಮೊಟ್ಟೆಯೊಡೆದ ಮರಿಗಳು ಇಲಿ, ಹಕ್ಕಿಗಳ ರಕ್ತ ಹೀರಿ ಬೆಳೆಯುತ್ತವೆ. ಡಿಸೆಂಬರ್‌ನಿಂದ ಮೇವರೆಗೆ ದರಕು (ಉದುರಿದ ಒಣ ಎಲೆ) ಗುಡಿಸಲು, ಸೊಪ್ಪು ತರಲು ಹೋದವರನ್ನು ಹೆಚ್ಚಾಗಿ ಕಚ್ಚುವುದು ಅದರ ಮುಂದಿನ ಹಂತದ ಎಳೆ ಉಣುಗು. ಎಳ್ಳಿಗಿಂತ ಸಣ್ಣದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಪೂರ್ತಿ ಬಲಿತದ್ದಕ್ಕೆ ಬೇಕಾದದ್ದು ದೊಡ್ಡ ಪ್ರಾಣಿ. ದನಕ್ಕೆ ಈ ಕಾಯಿಲೆ ಬಾರದು, ಆದರೆ ಕಾಡಿಗೆ ಮೇಯಲು ಬಿಟ್ಟ ನಮ್ಮ ದನದ ರಕ್ತದಲ್ಲೇ ಉಣುಗಿನ ಮುಂದಿನ ಸಂತಾನ ಬೆಳೆಯುವುದು. ಹಾಗಂತ ಕೊಟ್ಟಿಗೆ ಖಾಲಿ ಮಾಡಿ ಎಂದು ಸೊಸೈಟಿ ಜಗಲಿಯಲ್ಲಿ ಇದುವರೆಗೆ ಯಾರೂ ಹೇಳಿಲ್ಲ!

ಮಂಗದ ಪಾಲು ಇಷ್ಟು: ಸೋಂಕು ತಗುಲಿದರೆ ಅದರ ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚುತ್ತದೆ, ಕಚ್ಚಿದ ಉಣುಗಿಗೆಲ್ಲ ಅಂಟುತ್ತದೆ. ಮಂಗ ಸತ್ತಾಗ ಅವು ಮೈಯಿಂದ ಇಳಿದು ಅಲ್ಲೇ ಹರಡಿಕೊಳ್ಳುತ್ತವೆ. ಅದಕ್ಕೇ ಸತ್ತ ಜಾಗದ ಸುತ್ತ 50 ಅಡಿ ಮಲಾಥಿಯಾನ್ ಎಂಬ ಕೀಟನಾಶಕ ಹೊಡೆಯುವುದು. ಬದುಕಿದ್ದನ್ನು ಲಾರಿಗೆ ತುಂಬಿ ಸಾಗಿಸಿದರೆ ಉಣುಗನ್ನೂ ಇನ್ನೊಂದು ಊರಿಗೆ ಕಳಿಸಿದ ಹಾಗೆ. ಇಲ್ಲಿ ಉಳಿದ ಉಣುಗಂತೂ ಎಲ್ಲಿಗೂ ಹೋಗುವುದಿಲ್ಲ.

ಈ ವೈರಸ್ಸಿನ ಮೂಲ ಹುಡುಕುವ ಕೆಲಸ ನನಗೆ ಬಲು ಇಷ್ಟ. ಜೀನ್‌ಗಳನ್ನು ಹೋಲಿಸಿದಾಗ ಇದಕ್ಕೆ ತೀರಾ ಹತ್ತಿರದ ದಾಯಾದಿ ಸಿಕ್ಕಿದ್ದು ಸೌದಿ ಅರೇಬಿಯಾದಲ್ಲಿ, ಅಲ್ಖುರ್ಮಾ ಎಂಬ ವೈರಸ್. ಮಲೆನಾಡೆಲ್ಲಿ, ಮರಳುಗಾಡೆಲ್ಲಿ!

ಲಸಿಕೆಯ ಕಥೆ ಬೇಸರದ್ದು. ಫಾರ್ಮಲಿನ್ ಎಂಬ ರಾಸಾಯನಿಕದಿಂದ ವೈರಸ್ ಕೊಂದು ಮಾಡಿದ ಹಳೆಯದನ್ನು 1990ರಿಂದ ಕೊಡುತ್ತಿದ್ದರು. ಎರಡು ಡೋಸ್, ಮೇಲೆ ಬೂಸ್ಟರ್, ಆಮೇಲೂ ವರ್ಷ ವರ್ಷ. ತೋಳು ನೋವಿಗೆ ಹೆದರಿ ನಮ್ಮೂರವರೇ ಎಷ್ಟೋ ಜನ ಎರಡನೆಯದಕ್ಕೆ ತಪ್ಪಿಸಿಕೊಂಡಿದ್ದರು. ಅದರ ಶಕ್ತಿಯೂ ಕುಂದಿ ಈಗ ನಿಂತಿದೆ. ಹೊಸದನ್ನು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಮಾಡುತ್ತಿವೆ. ಕೆಲವೇ ತಾಲ್ಲೂಕುಗಳ ರೈತಾಪಿ ಜನಕ್ಕೆ ಬರುವ ರೋಗಕ್ಕೆ ಮಾರುಕಟ್ಟೆ ಎಲ್ಲಿಂದ ಬರಬೇಕು? ತಡವಾಗಿದ್ದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ಅನಿಸಿಕೆ.

ಅಲ್ಲಿಯವರೆಗೆ ಆಶಾ ಕಾರ್ಯಕರ್ತೆಯರು ಕೊಡುವ, ಉಣುಗು ಹತ್ತಿರ ಬಾರದಂತೆ ತಡೆಯುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ಕಾಡಿಗೆ ಹೋಗಿ, ಬಂದಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ.