ಸಿಪ್ಪೆ ಸುಲಿಯುವುದು ರೋಗವಲ್ಲ
ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಹತ್ತಿರದ ಗುಡ್ಡದಲ್ಲಿ ಕಂಡ ಕೆಂಪು ಕಾಂಡದ ಪೊದೆಯ ಸಿಪ್ಪೆ ಸುರುಳಿ ಸುರುಳಿಯಾಗಿ ಏಳುತ್ತಿದೆ, ರೋಗವೇ ಎಂದು ಕೇಳಿದ್ದೀರಿ. ಅಲ್ಲ, ಅದು ಮ್ಯಾಂಜನೀಟಾ. ನಮ್ಮ ಸೀಬೆ ಮರದ ಹಾಗೆ, ಬೇಸಿಗೆಯಲ್ಲಿ ತೆಳು ಪೊರೆ ಕಳಚುತ್ತದೆ. ಒಳಗಿನ ಹೊಸ ತೊಗಟೆ ಮುಟ್ಟಿ ನೋಡಿ, ಎಷ್ಟು ನುಣುಪು! ಎಲೆಗಳನ್ನೂ ಗಮನಿಸಿ. ದಪ್ಪ, ಗಡುಸು, ಅಂಚು ಮೇಲಕ್ಕೆ ಮಾಡಿಕೊಂಡು ನೆಟ್ಟಗೆ ನಿಂತಿರುತ್ತವೆ. ನಡುಹಗಲ ಬಿಸಿಲು ಮುಖಕ್ಕೆ ಬೀಳದ ಕಾರಣ ನೀರು ಕಡಿಮೆ ಆವಿಯಾಗುತ್ತದೆ. ಹಾಗಾಗಿಯೇ ತಿಂಗಳುಗಟ್ಟಲೆ ಮಳೆಯಿಲ್ಲದಿದ್ದರೂ ಹಸಿರು. ಚಳಿಗಾಲದಲ್ಲಿ ಪುಟ್ಟ ಮಡಕೆಯಂಥ ಹೂಗಳು, ಆಮೇಲೆ ಕಿರುಸೇಬಿನಂಥ ಕಾಯಿ. ಸ್ಪ್ಯಾನಿಷ್‌ನಲ್ಲಿ ಹೆಸರಿನ ಅರ್ಥವೂ ಅದೇ. ಕಾಡ್ಗಿಚ್ಚಿಗೆ ಸಿಕ್ಕರೆ ಕೆಲವು ಜಾತಿಗಳು ಬುಡದ ಗಂಟಿನಿಂದ ಮತ್ತೆ ಚಿಗುರುತ್ತವೆ, ಉಳಿದವು ಮಣ್ಣಲ್ಲಿ ಕಾದು ಕೂತ ಬೀಜದಿಂದಲೇ ಹುಟ್ಟಬೇಕು. ದಯವಿಟ್ಟು ಸಿಪ್ಪೆ ಕೀಳಬೇಡಿ.